ಹಳೇ ಟಾಟಾ ಏಸ್ ರಿಪೇರಿ: ದುಡ್ಡು ಮೊದಲು ಎಲ್ಲಿಗೆ ಹಾಕಬೇಕು?

ಮೂರು ವರ್ಷದ ಹಿಂದೆ ಮಾಲೂರು ಕಡೆಯಿಂದ ಒಂದು ಹಳೇ ಟಾಟಾ ಏಸ್ ತಂದೆ. 2010ರ ಮಾಡೆಲ್. ಹೊಳೆಯುವ ಬಿಳಿ ಪೇಂಟು, ಹೊಸ ಸೀಟ್ ಕವರ್, ಹಾಡು ಕೇಳಲು ಹೊಸ ಸೆಟ್ಟು. ಮನೆಗೆ ತಂದು ಗಾಡಿಯ ತಳಭಾಗಕ್ಕೆ ಪೈಪಿನಲ್ಲಿ ನೀರು ಹೊಡೆದೆ ನೋಡಿ, ಲೋಡ್ ಬಾಡಿಯ ಒಂದು ಮೂಲೆ ಅಂಗೈ ಅಗಲಕ್ಕೆ ಕಳಚಿ ಕೈಗೇ ಬಂತು. ಹಿಂದಿನವರು ಅದರಲ್ಲಿ ಕೋಳಿ ಗೊಬ್ಬರ ಹೊಡೆಯುತ್ತಿದ್ದರಂತೆ. ಪೇಂಟಿನ ಕೆಳಗೆ ತಗಡು ಇರಲಿಲ್ಲ, ಬರೀ ಪುಟ್ಟಿ.

ಅಷ್ಟಾದ ಮೇಲೂ ನನಗೆ ಬುದ್ಧಿ ಬರಲಿಲ್ಲ. ಮೊದಲ ದುಡ್ಡು ಹಾಕಿದ್ದು ಲೋಡ್ ಬಾಡಿಗೇ. ದಪ್ಪ ಚೆಕ್ಕರ್ ಪ್ಲೇಟ್ (ಉಬ್ಬು ಗೆರೆ ಇರುವ ಕಬ್ಬಿಣದ ತಗಡು) ಹೊಡೆಸಿದೆ, ಪೈಪಿನ ರ್ಯಾಕ್ ಕಟ್ಟಿಸಿದೆ, ಹಿಂದೆ ದೇವರ ಹೆಸರು ಬರೆಸಿದೆ. ಎರಡೇ ವಾರ. ಬೆಳಗಿನ ಜಾವ ಟೊಮೆಟೊ ಹಾಕಿಕೊಂಡು ಕೋಲಾರದ ಎಪಿಎಂಸಿಗೆ ಬರುತ್ತಿದ್ದಾಗ ಬ್ರೇಕ್ ಪೆಡಲ್ ಸೀದಾ ನೆಲಕ್ಕೆ ಹೋಯಿತು. ಪುಣ್ಯಕ್ಕೆ ಸಪಾಟು ರಸ್ತೆ, ಎದುರಿಗೆ ಯಾರೂ ಇರಲಿಲ್ಲ, ಗೇರ್ ಇಳಿಸಿ ಹ್ಯಾಂಡ್ ಬ್ರೇಕ್ ಎಳೆದು ಹೇಗೋ ನಿಲ್ಲಿಸಿದೆ. ಕೆರೆ ಏರಿ ಮೇಲೆ ಆಗಿದ್ದರೆ ಗಾಡಿ ಸಮೇತ ಕೆರೆಯಲ್ಲಿರುತ್ತಿದ್ದೆ.

ಅದಕ್ಕೇ ಇಲ್ಲಿ ಯಾವ ಕೆಲಸ ಹೇಗೆ ಅನ್ನುವುದರ ಜೊತೆಗೆ ಯಾವುದು ಮೊದಲು ಅನ್ನುವುದನ್ನೂ ಹೇಳುತ್ತೇನೆ. ಮೊದಲು ಬ್ರೇಕು. ಆಮೇಲೆ ಎಂಜಿನ್ ಬಿಸಿಯಾಗದ ಹಾಗೆ ನೋಡಿಕೊಳ್ಳುವ ಸಾಮಾನು. ಆಮೇಲೆ ಸ್ಟೇರಿಂಗು, ಕಮಾನು (ಭಾರ ಹೊರುವ ಸ್ಪ್ರಿಂಗ್ ಪಟ್ಟಿ), ಟೈರು. ಆಮೇಲೆ ವೈರಿಂಗು, ತುಕ್ಕು. ಚೆಂದ ಮಾಡುವುದೆಲ್ಲ ಕೊನೆಗೆ. ಈ ಸರದಿಯಲ್ಲಿ ಹೋದರೆ ಮಧ್ಯದಲ್ಲಿ ದುಡ್ಡು ಮುಗಿದರೂ ಗಾಡಿಯನ್ನು ರಸ್ತೆಗೆ ಇಳಿಸಬಹುದು.

ಕೈಗೆ ಬಂದಿರುವುದು ಏನು ಅಂತ ತಿಳಿದುಕೊಳ್ಳಿ

ಟಾಟಾ ಏಸ್ 2005ರಲ್ಲಿ ಬಂತು. ಹಳೇ ಎಚ್‌ಟಿ ಮಾಡೆಲ್‌ನಲ್ಲಿ ಇರುವುದು 702 ಸಿಸಿ, ಎರಡು ಸಿಲಿಂಡರಿನ ಡೀಸೆಲ್ ಎಂಜಿನ್, 16 ಎಚ್‌ಪಿ. ಇಂಡಿಕಾ ಕಾರಿನ 1405 ಸಿಸಿ ಎಂಜಿನ್ನನ್ನು ಮಧ್ಯಕ್ಕೆ ಕೊಯ್ದು ಅರ್ಧ ಇಟ್ಟ ಹಾಗೆ. ಎಲೆಕ್ಟ್ರಾನಿಕ್ ಡಬ್ಬ ಯಾವುದೂ ಇಲ್ಲ, ಸ್ಪ್ಯಾನರ್ ಹಿಡಿಯಲು ಬರುವ ಯಾರು ಬೇಕಾದರೂ ಅರ್ಧ ಕೆಲಸ ಮಾಡಿಕೊಳ್ಳಬಹುದು. ಎಂಜಿನ್ ಇರುವುದು ಸೀಟಿನ ಕೆಳಗೆ, ಸೀಟು ಎತ್ತಿದರೆ ಸಿಗುತ್ತದೆ.

ನೋಡುವುದಾದರೆ ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ನೋಡಬೇಕು. ಗಾಡಿ ನೋಡಲು ಹೋದಾಗ ಮಾಲೀಕರು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿ ಇಟ್ಟಿದ್ದರೆ, 'ಅಣ್ಣಾ, ನಾಳೆ ಬೆಳಗ್ಗೆ ಬರ್ತೀನಿ' ಅಂತ ಹೇಳಿ ಎದ್ದು ಬನ್ನಿ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ ಹೊಗೆ ನೋಡಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಕಪ್ಪು ಬಂದರೆ ಏರ್ ಫಿಲ್ಟರ್ ಕಟ್ಟಿರಬಹುದು, ಇಲ್ಲಾ ಡೀಸೆಲ್ ಚಿಮ್ಮಿಸುವ ನಾಜಲ್ ಹೋಗಿರಬಹುದು. ಬಿಳಿ ಹೊಗೆ ಒಂದೆರಡು ನಿಮಿಷ ಬಂದು ನಿಂತರೆ ಪರವಾಗಿಲ್ಲ, ನಿಲ್ಲದೇ ಬರುತ್ತಿದ್ದು ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ತಲೆಗೂ ಬ್ಲಾಕಿಗೂ ನಡುವಿನ ಸೀಲು) ಮೇಲೆ ಅನುಮಾನ ಪಡಿ. ಆಮೇಲೆ ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ಮೇಲೆ ಇಡಿ. ಮುಚ್ಚಳ ಕುಣಿದು ಹಾರುವಷ್ಟು ಗಾಳಿ ನುಗ್ಗುತ್ತಿದ್ದರೆ ಪಿಸ್ಟನ್ ರಿಂಗು ಸವೆದಿದೆ, ಅಂಥ ಗಾಡಿಗೆ ರೇಟು ಇಳಿಸಿ ಕೇಳಬೇಕು ಅಥವಾ ಬಿಡಬೇಕು.

ಚಳಿಯಲ್ಲಿ ಬೆಳಗ್ಗೆ ನಾಲ್ಕಕ್ಕೆ ಸ್ಟಾರ್ಟ್ ಆಗದೇ ಸತಾಯಿಸುವುದಕ್ಕೆ ಬ್ಯಾಟರಿಯೇ ಕಾರಣ ಆಗಬೇಕಿಲ್ಲ. ಈ ಎಂಜಿನ್‌ಗೆ ಸ್ಟಾರ್ಟ್ ಮಾಡುವ ಮುಂಚೆ ಸಿಲಿಂಡರ್ ಒಳಗೆ ಬಿಸಿ ಮಾಡುವ ಹೀಟರ್ ಪ್ಲಗ್ ಇದೆ, ಎರಡರಲ್ಲಿ ಒಂದು ಸತ್ತರೂ ಅರ್ಧ ಎಂಜಿನ್ ತಣ್ಣಗಿದ್ದ ಹಾಗೆ. ಅದರ ವೈರ್ ಬಿಚ್ಚಿ, ಟೆಸ್ಟ್ ಲ್ಯಾಂಪಿನ ಒಂದು ತುದಿ ಬ್ಯಾಟರಿ ಪ್ಲಸ್‌ಗೂ ಇನ್ನೊಂದು ತುದಿ ಪ್ಲಗ್ಗಿನ ತಲೆಗೂ ಮುಟ್ಟಿಸಿ. ಲ್ಯಾಂಪ್ ಉರಿದರೆ ಒಳಗಿನ ಕಾಯಿಲ್ ಇದೆ, ಉರಿಯದಿದ್ದರೆ ಪ್ಲಗ್ ಬದಲಾಯಿಸಿ.

ಬ್ರೇಕು

ನನ್ನ ಗಾಡಿಯ ಕಥೆಗೆ ಬರೋಣ. ಮೇಸ್ತ್ರಿ ಬ್ರೇಕ್ ಆಯಿಲ್ ಡಬ್ಬದ ಮುಚ್ಚಳ ತೆಗೆದು, ಒಂದು ಬೆರಳು ಅದ್ದಿ ಉಜ್ಜಿ ನೋಡಿದರು. 'ಇದಕ್ಕೆ ಯಾರು ಎಂಜಿನ್ ಆಯಿಲ್ ಹಾಕಿದ್ದು?' ಅಂದರು. ಹಿಂದೆ ಓಡಿಸುತ್ತಿದ್ದವರು ಯಾರೋ ಆಯಿಲ್ ಕಮ್ಮಿ ಇದೆ ಅಂತ ಕೈಗೆ ಸಿಕ್ಕಿದ್ದನ್ನು ಸುರಿದಿದ್ದಾರೆ. ಎಂಜಿನ್ ಆಯಿಲ್ ಬಿದ್ದರೆ ಬ್ರೇಕಿನ ರಬ್ಬರ್ ಎಲ್ಲ ಉಬ್ಬುತ್ತದೆ. ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳಿಗೆ ತಳ್ಳುವ ಭಾಗ) ಬಿಚ್ಚಿದಾಗ ಒಳಗಿನ ಕಪ್ ವಾಷರ್ ನೆನೆಸಿದ ಕಡಲೆಕಾಳಿನ ಹಾಗೆ ಊದಿಕೊಂಡಿತ್ತು, ಉಗುರಲ್ಲಿ ಒತ್ತಿದರೆ ಗುರುತು ಬೀಳುತ್ತಿತ್ತು. ಕೊನೆಗೆ ಮಾಸ್ಟರ್, ಹಿಂದಿನ ವೀಲ್ ಸಿಲಿಂಡರ್, ಮುಂದಿನ ಕ್ಯಾಲಿಪರ್ ಸೀಲ್, ಹೋಸ್ ಪೈಪ್ ಎಲ್ಲಾ ಬದಲಾಯಿಸಬೇಕಾಯಿತು. ನೆನಪಿಡಿ, ಡಬ್ಬದ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಬರೆದಿರುತ್ತದೆ. ಅದನ್ನು ಬಿಟ್ಟು ಬೇರೆ ಏನನ್ನೂ ಹಾಕಬೇಡಿ. ನೀರೂ ಬೇಡ.

ಕೆಲಸಕ್ಕೆ ಇಳಿಯುವ ಮುಂಚೆ ಒಂದು ಮಾತು. ಜಾಕ್ ನಂಬಿ ಗಾಡಿ ಕೆಳಗೆ ತಲೆ ಇಡಬೇಡಿ. ಗಟ್ಟಿ ನೆಲ ಇರಬೇಕು, ಎತ್ತದ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಬೇಕು, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಬೇಕು. ಸ್ಟ್ಯಾಂಡ್ ಇಲ್ಲದಿದ್ದರೆ ದಪ್ಪ ಮರದ ದಿಮ್ಮಿ ಇಡಿ. ಇಟ್ಟಿಗೆ, ಸಿಮೆಂಟ್ ಹಾಲೋಬ್ಲಾಕ್ ಇಡಬೇಡಿ, ಅವು ಸದ್ದಿಲ್ಲದೆ ಪುಡಿಯಾಗುತ್ತವೆ.

ಎಚ್‌ಟಿಯಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್. ಹಿಂದಿನ ಡ್ರಮ್ ಬಿಚ್ಚಿದರೆ ಮೂರು ನೋಡಬೇಕು. ಶೂ ಲೈನರ್ ಎಷ್ಟು ಉಳಿದಿದೆ, ಡ್ರಮ್ಮಿನ ಒಳಗೆ ಉಗುರು ಸಿಕ್ಕಿಕೊಳ್ಳುವಷ್ಟು ಗೆರೆ ಬಿದ್ದಿದೆಯಾ, ವೀಲ್ ಸಿಲಿಂಡರಿನ ರಬ್ಬರ್ ಟೋಪಿ ಎತ್ತಿದರೆ ಒಳಗೆ ಒದ್ದೆ ಇದೆಯಾ. ಒದ್ದೆ ಇದ್ದರೆ ಸಿಲಿಂಡರ್ ಸೋರುತ್ತಿದೆ, ರಬ್ಬರ್ ಕಿಟ್ ಹಾಕಿ ನೋಡೋಣ ಅಂತ ಕೂರಬೇಡಿ, ಸಿಲಿಂಡರನ್ನೇ ಬದಲಾಯಿಸಿ. ಆಯಿಲ್ ಕುಡಿದ ಲೈನರನ್ನು ಪೆಟ್ರೋಲ್ ಹಾಕಿ ಉಜ್ಜಿ ಮತ್ತೆ ಹಾಕುವವರು ಇದ್ದಾರೆ. ಬೇಡ. ಎರಡು ದಿನಕ್ಕೆ ಗಾಡಿ ಒಂದು ಕಡೆಗೆ ಎಳೆಯಲು ಶುರು ಮಾಡುತ್ತದೆ.

ಎಲ್ಲಾ ಜೋಡಿಸಿದ ಮೇಲೆ ಬ್ರೇಕ್ ಪೈಪಿನೊಳಗೆ ಸಿಕ್ಕಿಕೊಂಡ ಏರ್ ತೆಗೆಯುವ ಕೆಲಸ. ಇದಕ್ಕೆ ಇಬ್ಬರು ಬೇಕು. ನಾನು ಚಕ್ರದ ಹತ್ತಿರ ಕೂರುತ್ತೇನೆ, ನನ್ನ ತಮ್ಮ ಪೆಡಲ್ ಒತ್ತುತ್ತಾನೆ. ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಶುರು ಮಾಡಬೇಕು: ನಮ್ಮ ಗಾಡಿಗಳಲ್ಲಿ ಹಿಂದಿನ ಎಡ, ಆಮೇಲೆ ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಡ್ರೈವರ್ ಕಡೆಯ ಮುಂದಿನ ಚಕ್ರ. ಚಕ್ರದ ಒಳಬದಿಯಲ್ಲಿ ಏರ್ ಬಿಡುವ ಸಣ್ಣ ತಿರುಪು, ಅಂದರೆ ನಿಪ್ಪಲ್ಲಿಗೆ ಒಂದು ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಹೊಸ ಬ್ರೇಕ್ ಆಯಿಲ್ ಇರುವ ಬಾಟಲಿಗೆ ಮುಳುಗಿಸಿ. ತಮ್ಮ ನಾಲ್ಕೈದು ಸಲ ಪೆಡಲ್ ಒತ್ತಿ ಒತ್ತಿ, ಕೊನೆಗೆ ಒತ್ತಿ ಹಿಡಿದು 'ಹಿಡಿದಿದೀನಿ' ಅನ್ನುತ್ತಾನೆ. ನಾನು ನಿಪ್ಪಲ್ ಕಾಲು ಸುತ್ತು ಬಿಚ್ಚುತ್ತೇನೆ. ಟ್ಯೂಬಿನಲ್ಲಿ ಗುಳ್ಳೆ ಓಡುತ್ತದೆ, ಪೆಡಲ್ ಕೆಳಗೆ ಹೋಗುತ್ತದೆ. ನಾನು ನಿಪ್ಪಲ್ ಬಿಗಿ ಮಾಡಿ 'ಬಿಡು' ಅಂದ ಮೇಲೆಯೇ ಅವನು ಕಾಲು ಎತ್ತಬೇಕು. ಮುಂಚೆ ಎತ್ತಿದರೆ ಗಾಳಿ ವಾಪಸ್ ಒಳಗೆ ಹೋಗುತ್ತದೆ, ಮೊದಲಿನಿಂದ ಶುರು. ಗುಳ್ಳೆ ನಿಲ್ಲುವವರೆಗೆ ಹೀಗೇ. ಮಧ್ಯೆ ಮಧ್ಯೆ ಮೇಲಿನ ಡಬ್ಬ ಖಾಲಿಯಾಗದ ಹಾಗೆ ನೋಡುತ್ತಿರಿ, ಮಾತಿನ ಭರದಲ್ಲಿ ನಾವು ಒಂದು ಸಲ ಖಾಲಿ ಮಾಡಿ ಸಂಜೆವರೆಗೆ ಒದ್ದಾಡಿದ್ದೇವೆ. ಚೆಲ್ಲಿದ ಆಯಿಲನ್ನು ತಕ್ಷಣ ನೀರು ಹಾಕಿ ತೊಳೆಯಿರಿ, ಪೇಂಟ್ ತಿನ್ನುತ್ತದೆ.

ಪೆಡಲ್ ಗಟ್ಟಿಯಾದ ಮೇಲೆ ಒಂದು ನಿಮಿಷ ಒತ್ತಿ ಹಿಡಿದು ನೋಡಿ. ನಿಧಾನಕ್ಕೆ ಕೆಳಗೆ ಜಾರಿದರೆ ಎಲ್ಲೋ ಸೋರುತ್ತಿದೆ, ಇಲ್ಲಾ ಮಾಸ್ಟರ್ ಸಿಲಿಂಡರ್ ಒಳಗೇ ಬಿಡುತ್ತಿದೆ. ಆಮೇಲೆ ಖಾಲಿ ರಸ್ತೆಯಲ್ಲಿ, ಖಾಲಿ ಗಾಡಿಯಲ್ಲಿ, 20ರ ಸ್ಪೀಡಲ್ಲಿ ಟ್ರೈ ಮಾಡಿ.

ನೀರು, ಬೆಲ್ಟು, ಆಯಿಲ್

ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಬೋರ್‌ವೆಲ್ ನೀರು ಗೊತ್ತಲ್ಲ, ಒಲೆ ಮೇಲಿಟ್ಟ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುತ್ತದೆ. ಅದೇ ನೀರನ್ನು ಹತ್ತು ವರ್ಷ ರೇಡಿಯೇಟರಿಗೆ ಸುರಿದರೆ ಒಳಗಿನ ಸಣ್ಣ ಟ್ಯೂಬುಗಳು ಮುಚ್ಚಿಕೊಳ್ಳದೇ ಇನ್ನೇನಾಗುತ್ತದೆ? ಖಾಲಿ ಗಾಡಿ ಓಡಿಸುವಾಗ ಏನೂ ಗೊತ್ತಾಗುವುದಿಲ್ಲ, ಲೋಡ್ ಹಾಕಿ ಅಂತರಗಂಗೆ ಕಡೆಯ ಏರು ಹತ್ತಿಸಿದರೆ ಹೀಟ್ ಮೀಟರಿನ ಮುಳ್ಳು ಮೇಲಕ್ಕೆ ಹೋಗುತ್ತದೆ.

ರೇಡಿಯೇಟರ್ ಬಿಚ್ಚಿ ಅಂಗಡಿಗೆ ಕೊಟ್ಟು ರಾಡಿಂಗ್ (ಟ್ಯೂಬುಗಳೊಳಗೆ ಸರಳು ತೂರಿಸಿ ಪದರ ಕೆರೆಯುವುದು) ಮಾಡಿಸಿ, ಅದಾಗದಿದ್ದರೆ ಹೊಸದು ಹಾಕಿ. ಎಂಜಿನ್ ಒಳಗೆ ಕೂಲೆಂಟ್ ಓಡುವ ದಾರಿಗೂ ನೀರು ಬಿಟ್ಟು ಕೆಂಪು ನೀರು ನಿಲ್ಲುವವರೆಗೆ ತೊಳೆಯಿರಿ. ಮತ್ತೆ ತುಂಬುವಾಗ ಕೂಲೆಂಟ್ ಅರ್ಧ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅರ್ಧ. ಅದೂ ಸಿಗದ ಕಡೆ ಊರಿನ ಶುದ್ಧ ನೀರಿನ ಘಟಕದ ನೀರಾದರೂ ಆಗುತ್ತದೆ, ಬೋರ್ ನೀರಿಗಿಂತ ಎಷ್ಟೋ ವಾಸಿ. ರೇಡಿಯೇಟರ್ ಕ್ಯಾಪ್, ಹೋಸ್, ಫ್ಯಾನ್ ಬೆಲ್ಟ್ ಹಳೆಯದಾಗಿದ್ದರೆ ಒಟ್ಟಿಗೇ ಬದಲಾಯಿಸಿ. ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವು) ತೆಗೆದು ಬಿಸಾಕಿದರೆ ಹೀಟ್ ಆಗಲ್ಲ ಅಂತ ಹೇಳುವವರು ಪ್ರತಿ ಗ್ಯಾರೇಜಲ್ಲೂ ಒಬ್ಬರು ಸಿಗುತ್ತಾರೆ. ಎಂಜಿನ್ ಸರಿಯಾದ ಬಿಸಿಗೆ ಬರದಿದ್ದರೆ ಡೀಸೆಲ್ ಜಾಸ್ತಿ ಕುಡಿಯುತ್ತದೆ, ಬೇಗ ಸವೆಯುತ್ತದೆ. ಬಿಸಿನೀರಿನ ಪಾತ್ರೆಯಲ್ಲಿ ಅದನ್ನು ಮುಳುಗಿಸಿ ನೋಡಿ, ನೀರು ಕುದಿಯುವಷ್ಟರಲ್ಲಿ ಬಾಯಿ ತೆರೆದರೆ ಸರಿ ಇದೆ, ವಾಪಸ್ ಹಾಕಿ. ಮತ್ತೆ, ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ಬಿಚ್ಚಬೇಡಿ. ನಮ್ಮ ಮಾವನ ಮುಂಗೈ ಮೇಲೆ ಇನ್ನೂ ಕಲೆ ಇದೆ.

ಪಿಸ್ಟನ್ನು, ವಾಲ್ವು ಎರಡರ ತಾಳ ಕೂಡಿಸುವ ಟೈಮಿಂಗ್ ಬೆಲ್ಟ್ ಬಗ್ಗೆ ಯಾರೂ ಮಾತಾಡುವುದಿಲ್ಲ, ಅದೇ ಬೇಜಾರು. ಈ ಎಂಜಿನ್‌ನಲ್ಲಿ ಚೈನ್ ಇಲ್ಲ, ರಬ್ಬರ್ ಬೆಲ್ಟು. ಓಡುತ್ತಾ ಕಟ್ ಆದರೆ ಪಿಸ್ಟನ್ ಹೋಗಿ ವಾಲ್ವಿಗೆ ಹೊಡೆಯುತ್ತದೆ, ಹೆಡ್ ಬಿಚ್ಚಲೇಬೇಕು. ಹಳೇ ಗಾಡಿ ತಂದಾಗ ಬೆಲ್ಟ್ ಯಾವಾಗ ಹಾಕಿದ್ದು ಅನ್ನುವ ಬಿಲ್ಲು ಇಲ್ಲವೆಂದರೆ, ಹಾಕಿಯೇ ಇಲ್ಲ ಅಂತ ತಿಳಿದುಕೊಂಡು ಬೆಲ್ಟ್ ಬಿಗಿ ಹಿಡಿಯುವ ಟೆನ್ಶನರ್ ಸಮೇತ ಹೊಸದು ಹಾಕಿಸಿ. ಟೈಮಿಂಗ್ ಗುರುತು ಕೂಡಿಸುವುದು ಗೊತ್ತಿರುವ ಮೇಸ್ತ್ರಿಯೇ ಮಾಡಲಿ, ಇದರಲ್ಲಿ ಕೈ ಕಲಿಯಬೇಡಿ.

ಆಯಿಲ್, ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್ ನಾಲ್ಕೂ ಮೊದಲ ದಿನವೇ ಬದಲಾಗಲಿ. ಸ್ಪೇರ್ಸ್ ಕೋಲಾರದಲ್ಲೇ ಸಿಗುತ್ತವೆ, ಸಿಗದಿದ್ದರೆ ಬೆಂಗಳೂರಿನ ಜೆಸಿ ರೋಡ್ ಇದ್ದೇ ಇದೆ.

ಸ್ಟೇರಿಂಗು, ಕಮಾನು, ಟೈರು

ಮುಂದಿನ ಚಕ್ರ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಟಕ್ ಟಕ್ ಅಂದರೆ ಬೇರಿಂಗ್ ಇಲ್ಲಾ ಕಿಂಗ್ ಪಿನ್ (ಮುಂದಿನ ಚಕ್ರ ತಿರುಗಲು ಆಧಾರವಾದ ಪಿನ್ನು). ಯಾವುದು ಅಂತ ಹೇಗೆ ಗೊತ್ತಾಗುತ್ತದೆ? ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ಮತ್ತೆ ಅಲ್ಲಾಡಿಸಿ. ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಕಿಂಗ್ ಪಿನ್. ಎಡ ಬಲ ಹಿಡಿದು ಅಲ್ಲಾಡಿಸಿದಾಗ ಆಟ ಇದ್ದರೆ ಸ್ಟೇರಿಂಗಿನ ಸರಳು ಚಕ್ರಕ್ಕೆ ಸೇರುವ ಕೀಲು, ಅಂದರೆ ಟೈ ರಾಡ್ ಎಂಡ್ ನೋಡಿ. ಕಿಂಗ್ ಪಿನ್ ಸವೆಯುವುದು ಹೆಚ್ಚಾಗಿ ಗ್ರೀಸ್ ಹೊಡೆಯದೇ. ತಿಂಗಳಿಗೊಮ್ಮೆ ಗ್ರೀಸ್ ಗನ್ ಹಿಡಿಯಿರಿ, ಹಳೇ ಗ್ರೀಸ್ ಹೊರಗೆ ಬರುವವರೆಗೆ ಹೊಡೆಯಿರಿ, ಅದಕ್ಕೆ ಹತ್ತು ನಿಮಿಷ ಸಾಕು.

ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರದಲ್ಲಿ ಮಾಡಿದ್ದು. ಟೈರಿನ ಗುಂಡಿ (ಟ್ರೆಡ್) ಚೆನ್ನಾಗಿದ್ದರೂ ಬದಿ ಬಿರುಕು ಬಿಟ್ಟಿದ್ದರೆ ಲೋಡಿಗೆ ಬೇಡ. ಕಂಪನಿ ಕೊಟ್ಟಿರುವುದು 12 ಇಂಚಿನ ರಿಮ್, 145ರ ಲೈಟ್ ಟ್ರಕ್ ಟೈರು. ಗಾಡಿ ಎತ್ತರ ಕಾಣಲಿ ಅಂತ ದೊಡ್ಡ ಟೈರ್ ಹಾಕಬೇಡಿ, 16 ಎಚ್‌ಪಿ ಎಂಜಿನ್ ಏರಿನಲ್ಲಿ ಉಸಿರು ಬಿಡುತ್ತದೆ.

ಇನ್ನು ಹಿಂದೆ ಎಕ್ಸ್‌ಟ್ರಾ ಕಮಾನ್ ಪಟ್ಟಿ. ಇದನ್ನು ಹಾಕಿಸದವರೇ ಕಮ್ಮಿ. ಗಾಡಿ ಕೂರುವುದಿಲ್ಲ ಅನ್ನುವುದು ನಿಜ, ಆದರೆ ಬ್ರೇಕು, ಆಕ್ಸಲ್, ಬೇರಿಂಗ್, ಟೈರು ಹಳೆಯವೇ ಅಲ್ವಾ? ಕೂರುವುದಿಲ್ಲ ಅನ್ನುವ ಧೈರ್ಯಕ್ಕೆ ಇನ್ನೂ ಹತ್ತು ಕ್ರೇಟ್ ಏರುತ್ತದೆ. ನಾನು ಹೇಳುವುದು, ಮುರಿದ ಪಟ್ಟಿ, ಸವೆದ ಬುಷ್, ಶಾಕ್ ಅಬ್ಸಾರ್ಬರ್ ಬದಲಾಯಿಸಿ, ಕಂಪನಿ ಲೆಕ್ಕಕ್ಕೇ ಬಿಡಿ.

ವೈರಿಂಗು

ಹಳೇ ಏಸ್‌ನ ಹೆಡ್‌ಲೈಟು ಮಿಣುಕು ಹುಳ ಅಂತ ಎಲ್ಲರೂ ಬೈಯುತ್ತಾರೆ, ಬೈದು ದೊಡ್ಡ ವ್ಯಾಟಿನ ಬಲ್ಬ್ ಹಾಕುತ್ತಾರೆ, ಹೋಲ್ಡರ್ ಕರಗುತ್ತದೆ. ತಪ್ಪು ಬಲ್ಬಿನದಲ್ಲ. ಎರಡು 60 ವ್ಯಾಟ್ ಬಲ್ಬಿಗೆ 12 ವೋಲ್ಟಿನಲ್ಲಿ 10 ಆಂಪಿಯರ್ ಬೇಕು, ಅದು ಹಳೇ ಸ್ವಿಚ್ಚು, ಸಣ್ಣ ವೈರು ದಾಟಿ ಬರುವಷ್ಟರಲ್ಲಿ ಅರ್ಧ ಶಕ್ತಿ ದಾರಿಯಲ್ಲೇ ಹೋಗಿರುತ್ತದೆ. ಲೈಟ್ ಹಾಕಿ ಬ್ಯಾಟರಿ ಹತ್ತಿರ ಒಮ್ಮೆ, ಬಲ್ಬಿನ ಹಿಂದೆ ಒಮ್ಮೆ ಮಲ್ಟಿಮೀಟರ್ ಹಿಡಿದು ನೋಡಿ. ಅರ್ಧ ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಬ್ಯಾಟರಿಯಿಂದ ಬಲ್ಬಿಗೆ ನೇರ ಕರೆಂಟ್ ಬಿಡುವ ಸ್ವಿಚ್ಚು, ಅಂದರೆ ರಿಲೇ ಹಾಕಿ.

ಡಿಮ್‌ಗೆ ಒಂದು, ಹೈ ಬೀಮ್‌ಗೆ ಒಂದು ರಿಲೇ. ಬ್ಯಾಟರಿ ಪ್ಲಸ್‌ನಿಂದ ದಪ್ಪ ವೈರು, ಬ್ಯಾಟರಿ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸು, ಅಲ್ಲಿಂದ ರಿಲೇಯ 30ನೇ ಕಾಲಿಗೆ. 87ರಿಂದ ಬಲ್ಬಿಗೆ. ಮೊದಲು ಬಲ್ಬಿಗೆ ಹೋಗುತ್ತಿದ್ದ ಹಳೇ ವೈರನ್ನು 86ಕ್ಕೆ ಕೊಡಿ, 85 ಬಾಡಿಗೆ ಅರ್ತ್. ಅರ್ತ್ ಕೊಡುವ ಜಾಗದಲ್ಲಿ ಪೇಂಟ್ ಕೆರೆದು ಹೊಳೆಯುವ ತಗಡಿಗೆ ಬಿಗಿ ಮಾಡಿ. ಅದೇ ಹಳೇ ಬಲ್ಬು, ರಸ್ತೆ ಬೇರೆಯೇ ಕಾಣುತ್ತದೆ. ಫ್ಯೂಸ್ ಹೋದಾಗ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವ ಚಾಳಿ ಮಾತ್ರ ಬಿಡಿ.

ತುಕ್ಕು, ಆಮೇಲೆ ಮಾಡಿಫಿಕೇಶನ್

ಕೋಳಿ ಗೊಬ್ಬರ, ಯೂರಿಯಾ, ಕೊಳೆತ ಟೊಮೆಟೊ ನೀರು ಮೂರೂ ತಗಡಿಗೆ ವಿಷ. ಸುತ್ತಿಗೆ ಹಿಡಿಯಲ್ಲಿ ಚಾಸಿಸ್ ಉದ್ದಕ್ಕೂ ತಟ್ಟುತ್ತಾ ಹೋಗಿ. ಟಣ್ ಅಂದರೆ ಕಬ್ಬಿಣ, ಡಬ್ ಅಂದರೆ ತುಕ್ಕು. ಚಾಸಿಸ್ಸೇ ತೂತಾಗಿದ್ದರೆ ನಿಲ್ಲಿಸಿ ಯೋಚನೆ ಮಾಡಿ, ಅದಕ್ಕೆ ತೇಪೆ ಹಾಕಿ ಲೋಡ್ ಹೊಡೆಯುವುದು ಸರಿಯಲ್ಲ. ಬಾಡಿ ಮಾತ್ರ ಆದರೆ ಕೊಳೆತ ಭಾಗ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿ, ವೈರ್ ಬ್ರಷ್, ಪ್ರೈಮರ್, ಎರಡು ಕೋಟ್ ಪೇಂಟ್. ವೆಲ್ಡಿಂಗ್ ಮುಂಚೆ ಬ್ಯಾಟರಿಯ ಮೈನಸ್ ಬಿಚ್ಚಿ, ಇಲ್ಲದಿದ್ದರೆ ಆಲ್ಟರ್ನೇಟರ್ ಡಯೋಡ್ ಹೋಗುತ್ತದೆ. ಡೀಸೆಲ್ ಟ್ಯಾಂಕು, ಬ್ರೇಕ್ ಪೈಪು ಎಲ್ಲಿವೆ ಅಂತ ಬಗ್ಗಿ ನೋಡಿ.

ಈಗ ನನ್ನ ಚೆಕ್ಕರ್ ಪ್ಲೇಟಿನ ಲೆಕ್ಕ ಕೇಳಿ. 3 ಎಂಎಂ ಪ್ಲೇಟು ಚದರ ಮೀಟರಿಗೆ ಹೆಚ್ಚು ಕಮ್ಮಿ 25 ಕೆಜಿ. ಏಸ್‌ನ ಬಾಡಿ ಸುಮಾರು ಏಳು ಅಡಿ ಉದ್ದ, ಐದಡಿ ಅಗಲ, ಅಂದರೆ ಮೂರು ಚದರ ಮೀಟರಿಗಿಂತ ಸ್ವಲ್ಪ ಜಾಸ್ತಿ. ಸುಮ್ನೆ 80 ಕೆಜಿ ಹೊತ್ತುಕೊಂಡು ತಿರುಗಿದೆ. ಟೊಮೆಟೊ ಕ್ರೇಟ್ ತುಂಬಿದರೆ ಕ್ರೇಟ್ ಸೇರಿ 17 ಕೆಜಿ ಹಿಡಿಯಿರಿ, ಕಂಪನಿ ಹೇಳುವ ಮುಕ್ಕಾಲು ಟನ್ನಿಗೆ 44 ಕ್ರೇಟು. ಪ್ಲೇಟ್ ಹಾಕಿದ ಮೇಲೆ 39. ಪ್ರತಿ ಟ್ರಿಪ್ಪಿಗೂ ಐದು ಕ್ರೇಟ್ ನಷ್ಟ, ಇಲ್ಲಾ ಓವರ್‌ಲೋಡು. ಕಿತ್ತು ಹಾಕಿಸಿ, ಈಗ 12 ಎಂಎಂ ವಾಟರ್‌ಪ್ರೂಫ್ ಪ್ಲೈವುಡ್ ಹಾಸಿದ್ದೇನೆ, ಕೆಳಗೆ ನೀರು ಹರಿಯಲು ಸಂದು ಬಿಟ್ಟು. ವಾರಕ್ಕೊಮ್ಮೆ ಎತ್ತಿ ತೊಳೆಯುತ್ತೇನೆ. ರ್ಯಾಕ್ ಕೂಡ ತೆಗೆಸಿದೆ. ಎತ್ತರಕ್ಕೆ ಜೋಡಿಸಿದರೆ ತಿರುವಿನಲ್ಲಿ ಗಾಡಿ ವಾಲುವುದು ಸೀಟಿನಲ್ಲೇ ಗೊತ್ತಾಗುತ್ತದೆ.

ಮಾಡಿಸಿದ್ದರಲ್ಲಿ ಉಪಯೋಗಕ್ಕೆ ಬಂದಿದ್ದು ಸಣ್ಣ ಸಣ್ಣವು. ಹಗ್ಗ ಕಟ್ಟಲು ಎರಡೂ ಬದಿಗೆ ಕೊಕ್ಕೆ, ಟಾರ್ಪಾಲ್‌ಗೆ ಸರಳು, ರಿವರ್ಸ್ ಬಜರ್, ಮೊಬೈಲ್ ಚಾರ್ಜರ್, ಕ್ಯಾಬಿನ್ನಿಗೆ ಪುಟ್ಟ ಫ್ಯಾನು. ಎಂಜಿನ್ ಸೀಟಿನ ಕೆಳಗೇ ಇರುವುದರಿಂದ ಬೇಸಿಗೆಯಲ್ಲಿ ಕೂತರೆ ಇಡ್ಲಿ ಬೆಂದ ಹಾಗೆ ಬೇಯುತ್ತೇವೆ. ಶಾಖ ತಡೆಯಲು ಕೆಲವರು ಗೋಣಿಚೀಲ ತುರುಕುತ್ತಾರೆ. ಅದಕ್ಕೆ ಆಯಿಲ್ ತಾಗಿದರೆ ಬೆಂಕಿಗೆ ಸೌದೆ ಇಟ್ಟ ಹಾಗೆ. ಎಂಜಿನ್ ಕವರಿನ ಅಂಚಿನ ರಬ್ಬರ್ ಬದಲಾಯಿಸಿ, ಫಾಯಿಲ್ ಹಚ್ಚಿದ ಹೀಟ್ ಶೀಟ್ ಅಂಟಿಸಿ.

ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. ಚಾಸಿಸ್ ಉದ್ದ ಮಾಡುವುದು, ಬೇರೆ ಎಂಜಿನ್ ಕೂರಿಸುವುದು ಎಲ್ಲಾ ಇದಕ್ಕೇ ಬರುತ್ತದೆ. ಎಂಟು ವರ್ಷ ದಾಟಿದ ಗೂಡ್ಸ್ ಗಾಡಿಗೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಪ್ರತಿ ವರ್ಷ, ಹಾಗಾಗಿ ಎಫ್‌ಸಿಗೆ ಒಂದು ತಿಂಗಳ ಮುಂಚೆ ಇಂಡಿಕೇಟರ್, ಬ್ರೇಕ್ ಲೈಟ್, ಹಾರ್ನ್, ವೈಪರ್, ಹ್ಯಾಂಡ್ ಬ್ರೇಕ್ ಒಂದೊಂದೇ ನೋಡಿಕೊಳ್ಳಿ. ರಿಫ್ಲೆಕ್ಟರ್ ಟೇಪ್ ಮುಂದೆ ಬಿಳಿ, ಬದಿಗೆ ಹಳದಿ, ಹಿಂದೆ ಕೆಂಪು. 15 ವರ್ಷ ದಾಟಿದ ಗಾಡಿ ತಗೊಳ್ಳುವವರು ಎಫ್‌ಸಿ ಫೀಸು ಎಷ್ಟಾಗುತ್ತದೆ ಅಂತ ಅಡ್ವಾನ್ಸ್ ಕೊಡುವ ಮುಂಚೆಯೇ ವಿಚಾರಿಸಿ, ಚಿಕ್ಕ ಗಾಡಿ ಅಂತ ಸುಮ್ಮನಿರಬೇಡಿ.

ಎಲ್ಲಾ ಮುಗಿದ ಮೇಲೆ ಮೊದಲ ಟ್ರಿಪ್ ಅರ್ಧ ಲೋಡಿನದಾಗಿರಲಿ. ವಾಪಸ್ ಬಂದು ಗಾಡಿ ನಿಲ್ಲಿಸಿದ ತಕ್ಷಣ ನಾಲ್ಕೂ ಚಕ್ರದ ಹತ್ತಿರ ಕೈ ಇಟ್ಟು ನೋಡಿ, ಒಂದು ಮಾತ್ರ ಮುಟ್ಟಲಾರದಷ್ಟು ಬಿಸಿ ಇದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಎರಡು ಸಿಲಿಂಡರಿನ ಎಂಜಿನ್ ಅದುರುವುದು ಜಾಸ್ತಿ, ಬಿಗಿ ಮಾಡಿದ್ದೆಲ್ಲ ಸಡಿಲ ಆಗುತ್ತದೆ. ಅದಕ್ಕೆ ಮಾರನೇ ದಿನ ವೀಲ್ ನಟ್ಟು, ಕಮಾನಿನ ಯು ಬೋಲ್ಟು, ಸೈಲೆನ್ಸರ್ ಕ್ಲ್ಯಾಂಪು ಮೂರಕ್ಕೂ ಮತ್ತೊಮ್ಮೆ ಸ್ಪ್ಯಾನರ್ ಹಾಕಿ, ಆಮೇಲೆ ಪೂರ್ತಿ ಲೋಡ್ ಹತ್ತಿಸಿ.